ಮೊದಲ ಕೋಳಿ ಸಾಧುವಾಗಿರಲಿ

ಪ್ರೀತಿಯ ಗೆಳೆಯಾ,

ಹಿತ್ತಲಲ್ಲಿ ಮೊಟ್ಟೆಗೆ ಅಂತ ನಾಲ್ಕು ಕೋಳಿ ಸಾಕಬೇಕು, ಜಾಸ್ತಿ ಮೊಟ್ಟೆ ಇಡುವ ತಳಿ ಯಾವುದು ಹೇಳು ಅಂತ ಕೇಳಿದ್ದೀಯ. ಮೊಟ್ಟೆಯ ಲೆಕ್ಕ ಸ್ವಲ್ಪ ಪಕ್ಕಕ್ಕಿಡು. ಮೊದಲ ಸಲ ಸಾಕುವವರು ನೋಡಬೇಕಾದದ್ದು ಕೋಳಿಯ ಗುಣ.

ನಾನು ಶುರು ಮಾಡಿದ್ದು ಬಿಳಿ ಲೆಗ್‌ಹಾರ್ನ್‌ನಿಂದ. ತಿನ್ನುವುದು ಕಡಿಮೆ, ವರ್ಷಕ್ಕೆ 280ರ ಹತ್ತಿರ ಬಿಳಿ ಮೊಟ್ಟೆ ಕೊಡುತ್ತದೆ. ಆದರೆ ಮೈ ಹಗುರ, ಬಲು ಬೆದರು. ನಾನು ಬಾಗಿಲು ತೆಗೆದರೆ ಸಾಕು, ಬೇಲಿ ಮೇಲೆ ಹಾರಿ ಕೂರುತ್ತಿದ್ದವು. ಒಂದರ ಕಾಲಿಗೆ ಗಾಯವಾದಾಗ ಅದನ್ನು ಹಿಡಿದು ಔಷಧಿ ಹಚ್ಚುವಷ್ಟರಲ್ಲಿ ಅರ್ಧ ದಿನ ಹೋಯಿತು. ಪಾಪ, ಅದಕ್ಕೆ ನೋವಿಗಿಂತ ಭಯವೇ ಹೆಚ್ಚಾಗಿತ್ತು. ಕೈ ಪಳಗಿದ ಮೇಲೆ ಸಾಕಲು ಒಳ್ಳೆಯ ಕೋಳಿ ಅದು.

ನೀನು ಆಸ್ಟ್ರಲಾರ್ಪ್ ತಗೋ. ಕಪ್ಪು ಕೋಳಿ, ಬಿಸಿಲು ಬಿದ್ದರೆ ಪುಕ್ಕ ಹಸಿರಾಗಿ ಹೊಳೆಯುತ್ತದೆ. ಕಪ್ಪು ಆರ್ಪಿಂಗ್ಟನ್ ಅನ್ನುವ ಇಂಗ್ಲೆಂಡಿನ ಕೋಳಿಯಿಂದ ಆಸ್ಟ್ರೇಲಿಯಾದಲ್ಲಿ ಬೆಳೆಸಿದ ತಳಿ. 1920ರ ದಶಕದಲ್ಲಿ ಇದರ ಒಂದು ಹೇಂಟೆ 365 ದಿನಕ್ಕೆ 364 ಮೊಟ್ಟೆ ಇಟ್ಟು ದಾಖಲೆ ಮಾಡಿತ್ತು. ನಿನ್ನದು ಹಾಗೆ ಇಡಲಿ ಅಂತ ಕಾಯಬೇಡ. ಒಂದು ಮೊಟ್ಟೆ ಹೊಟ್ಟೆಯಲ್ಲಿ ತಯಾರಾಗಲು 24ರಿಂದ 26 ಗಂಟೆ ಬೇಕು. ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಜಾರಿ, ನಡುವೆ ಒಂದು ದಿನ ರಜೆ ಬೀಳುತ್ತದೆ. ವರ್ಷಕ್ಕೆ 250 ಬಂದರೂ ಬಹಳ ಚೆನ್ನಾಗಿಯೇ ಇಟ್ಟಿದೆ ಅಂತ ತಿಳಿ.

ಆಸ್ಟ್ರಲಾರ್ಪ್ ಸಿಗದಿದ್ದರೆ ಪಟ್ಟೆಪಟ್ಟೆಯ ಪ್ಲಿಮತ್ ರಾಕ್ ನೋಡು, ಅದೂ ಸಾಧು. ರೋಡ್ ಐಲೆಂಡ್ ರೆಡ್ ಗಟ್ಟಿ ಜೀವ, ಮೊಟ್ಟೆಯೂ ಚೆನ್ನಾಗಿ ಇಡುತ್ತದೆ, ಆದರೆ ಕೆಲವು ಜೊತೆಯವನ್ನು ಕುಕ್ಕುತ್ತವೆ. ಸಿಲ್ಕಿ ಮುದ್ದಾಗಿದೆ ಅಂತ ಮಕ್ಕಳು ಹಟ ಹಿಡಿಯಬಹುದು. ಅದು ಪದೇ ಪದೇ ಕಾವು ಕೂರುತ್ತದೆ, ಕಾವಿಗೆ ಕೂತರೆ ಮೊಟ್ಟೆ ನಿಂತೇ ಹೋಗುತ್ತದೆ. ಮೊಟ್ಟೆಗೇ ಬೆಳೆಸಿದ ಮಿಶ್ರತಳಿಗಳು ಮೊದಲ ವರ್ಷ 300ರ ಹತ್ತಿರ ಇಟ್ಟು ಆಮೇಲೆ ಬೇಗ ಇಳಿಯುತ್ತವೆ. ವರ್ಷಗಟ್ಟಲೆ ಜೊತೆಗಿಟ್ಟುಕೊಳ್ಳುವ ಆಸೆ ನಿನ್ನದು, ಅಲ್ವಾ? ಹಾಗಾದರೆ ಅವು ಬೇಡ.

ಪುಟ್ಟ ಮರಿ ತರಬೇಡ. ಗಂಡು ಹೆಣ್ಣು ಗೊತ್ತಾಗದೆ ತಂದರೆ ಅರ್ಧಕ್ಕರ್ಧ ಹುಂಜವೇ ಆಗಬಹುದು. ಮೊಟ್ಟೆಗೆ ಹುಂಜ ಬೇಕೇ ಇಲ್ಲ, ಮರಿ ಮಾಡಿಸುವುದಿದ್ದರೆ ಮಾತ್ರ ಬೇಕು. 16-18 ವಾರದ ಹೇಂಟೆಗಳನ್ನೇ ನೋಡಿ ತಗೋ. ನಾಲ್ಕೂ ಒಂದೇ ಪ್ರಾಯದವಾಗಿರಲಿ, ಇಲ್ಲದಿದ್ದರೆ ದೊಡ್ಡವು ಚಿಕ್ಕದನ್ನು ಮೇವಿನ ಹತ್ತಿರ ಬಿಡುವುದಿಲ್ಲ. ತಂದ ಮೇಲೆ ಒಂದು ವಾರ ಗೂಡಿನಿಂದ ಹೊರಗೆ ಬಿಡಬೇಡ. ಅದೇ ತಮ್ಮ ಮನೆ ಅಂತ ಗೊತ್ತಾದರೆ ಸಂಜೆ ತಾವಾಗಿಯೇ ಒಳಗೆ ಬರುತ್ತವೆ.

ಆಮೇಲೆ ಜುಟ್ಟು ನೋಡುತ್ತಿರು. ಮಾಸಲು ಗುಲಾಬಿ ಬಣ್ಣ ಹೋಗಿ ಕೆಂಪು ಏರುತ್ತದೆ. ಒಂದು ದಿನ ನೀನು ಬೆನ್ನ ಮೇಲೆ ಕೈ ಇಡಲು ಹೋದಾಗ ಓಡುವುದಿಲ್ಲ. ರೆಕ್ಕೆ ಸ್ವಲ್ಪ ಅಗಲಿಸಿ, ಮೈ ತಗ್ಗಿಸಿ ನೆಲಕ್ಕೆ ಕೂತುಬಿಡುತ್ತದೆ. ಅಂದರೆ ಮೊದಲ ಮೊಟ್ಟೆ ಇಡಲು ಇನ್ನು ಹೆಚ್ಚು ದಿನ ಇಲ್ಲ. ಗೂಡಿನ ಕತ್ತಲೆ ಮೂಲೆಯಲ್ಲಿ ಒಣಹುಲ್ಲು ಹಾಸು, ನನಗೂ ಒಂದು ಸಾಲು ಬರೆ.

ನಿನ್ನ ಗೆಳೆಯ