ನಿಲ್ಲಿಸುವ ಮುನ್ನ ಕಾಲಾವಕಾಶ ಕೊಡಲಿ

ಮಾನ್ಯರೆ,

ವಾಹಿನಿ ಕೈಬಿಟ್ಟ ಸರಣಿಯನ್ನು ಬೇರೊಂದು ಒಟಿಟಿ ವೇದಿಕೆ ಎತ್ತಿಕೊಂಡಾಗ ಅಭಿಮಾನಿಗಳು ಸಂಭ್ರಮಿಸುವುದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಎಷ್ಟೋ ಸಲ ಅವರು ವಾಹಿನಿಯ ಲೆಕ್ಕಕ್ಕೆ ಸಿಗದೇ ಹೋದ ಪ್ರೇಕ್ಷಕರು.

ಅಮೆರಿಕದ ‘ದಿ ಎಕ್ಸ್‌ಪ್ಯಾನ್ಸ್’ ಸರಣಿಯನ್ನೇ ನೋಡಿ. 2018ರ ಮೇ ತಿಂಗಳಲ್ಲಿ ಸೈಫೈ ವಾಹಿನಿ ಅದನ್ನು ಮೂರನೇ ಸೀಸನ್‌ಗೇ ಮುಗಿಸಲು ನಿರ್ಧರಿಸಿತು. ವಾಹಿನಿಯ ಬಳಿ ಇದ್ದದ್ದು ಟಿ.ವಿ.ಯಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ. ಬಿಡುವಾದಾಗ ಆನ್‌ಲೈನ್‌ನಲ್ಲಿ ನೋಡುವವರಿಂದ ಅದಕ್ಕೆ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. ಅಭಿಮಾನಿಗಳು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಚಂದಾ ಎತ್ತಿ, ಅಮೆಜಾನ್ ಸ್ಟುಡಿಯೊಸ್ ಕಚೇರಿಯ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿದರು. (ನಮ್ಮಲ್ಲಾದರೆ ಕಟೌಟ್‌ಗೆ ಹಾಲೆರೆಯುತ್ತಿದ್ದೆವೇನೋ!) ಅದೇ ತಿಂಗಳು ಲಾಸ್ ಏಂಜಲೀಸ್‌ನ ಬಾಹ್ಯಾಕಾಶ ಸಮ್ಮೇಳನವೊಂದರಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರೇ ಸರಣಿ ಉಳಿಯಿತೆಂದು ಘೋಷಿಸಿದರು. ಮುಂದೆ ಅಮೆಜಾನ್‌ನ ಒಟಿಟಿ ವೇದಿಕೆ ಪ್ರೈಮ್ ವಿಡಿಯೊದಲ್ಲಿ ಅದು ಇನ್ನೂ ಮೂರು ಸೀಸನ್ ನಡೆದು, 2022ರ ಜನವರಿಯಲ್ಲಿ ಮುಗಿಯಿತು. ನೋಡುವವರೇ ಇಲ್ಲದಿದ್ದರೆ ಇದು ಸಾಧ್ಯವಿತ್ತೇ?

ನಮ್ಮ ಕನ್ನಡ ವಾಹಿನಿಗಳಲ್ಲೂ ಟಿಆರ್‌ಪಿ ಕುಸಿದರೆ ಸಾಕು, ಧಾರಾವಾಹಿಯ ಕಥೆಯನ್ನು ಎರಡು ಮೂರು ಸಂಚಿಕೆಗಳಲ್ಲಿ ಗಡಿಬಿಡಿಯಿಂದ ಸುತ್ತಿಬಿಡುತ್ತಾರೆ. ಮೊಬೈಲ್‌ನಲ್ಲಿ ನೋಡುವವರನ್ನು ಕೇಳುವವರಿಲ್ಲ.

ಆದ್ದರಿಂದ ಸರಣಿ ನಿಲ್ಲಿಸುವ ಮುನ್ನ ವಾಹಿನಿಗಳು ಆ್ಯಪ್ ವೀಕ್ಷಕರ ಸಂಖ್ಯೆಯನ್ನೂ ಪರಿಗಣಿಸಲಿ. ಬೇರೆ ವೇದಿಕೆ ಹುಡುಕಿಕೊಳ್ಳಲು ನಿರ್ಮಾಪಕರಿಗೆ ಕೆಲವು ತಿಂಗಳ ಅವಕಾಶವನ್ನು ಒಪ್ಪಂದದಲ್ಲೇ ಬರೆದುಕೊಡಲಿ. ಎತ್ತಿಕೊಂಡ ವೇದಿಕೆಯೂ ಹಳೆಯ ಸಂಚಿಕೆಗಳನ್ನು ಹೊಸದರ ಜೊತೆಗೇ ಒದಗಿಸಲಿ.

– ಒಬ್ಬ ವೀಕ್ಷಕ, ಶಿವಮೊಗ್ಗ