‘ರು’ ಯಾರಿಗೆ, ‘ಳು’ ಯಾರಿಗೆ

ಕಲಬುರಗಿ

ಪ್ರೀತಿಯ ತಂಗಿ,

ನಿನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಎರಡು ಸಲ ಓದಿದೆ. ಅನುಭಾವಿಗಳ ಹಾಡುಗಳಾದ ತತ್ವಪದಗಳ ಬಗ್ಗೆ ನೀನು ಕಲೆಹಾಕಿದ ಸಾಮಗ್ರಿ ದೊಡ್ಡದು. ಅದರ ಮಾತು ಇನ್ನೊಮ್ಮೆ ಆಡೋಣ. ಇವತ್ತು ನಿನ್ನ ಕ್ರಿಯಾಪದಗಳ ಬಗ್ಗೆ ಹೇಳಬೇಕಾಗಿದೆ.

ಒಂದೇ ಪುಟದಲ್ಲಿ ಪ್ರಾಧ್ಯಾಪಕರು ‘ಪ್ರತಿಪಾದಿಸುತ್ತಾರೆ’. ನಾಲ್ಕು ಸಾಲು ಕೆಳಗೆ, ಜೇವರ್ಗಿ ಕಡೆಯ ಆ ಹಿರಿಯ ಹಾಡುಗಾರ್ತಿ ‘ಹೇಳುತ್ತಾಳೆ’. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಪುಸ್ತಕ ಮುಟ್ಟದೆ ಬೆಳಗಿನವರೆಗೆ ಹಾಡಬಲ್ಲವರು ಅವರು. ಅವರ ಮನೆಯಲ್ಲಿ ರೊಟ್ಟಿ ಉಣ್ಣುವಾಗ ನೀನು ‘ನೀವು’ ಎಂದೇ ಮಾತನಾಡಿಸಿರುತ್ತೀಯ. ಬರೆಯಲು ಕುಳಿತಾಗ ಆ ‘ನೀವು’ ಎಲ್ಲಿ ಹೋಯಿತು?

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಲೇಖನ ಅಚ್ಚಾದಾಗ ಸಂಭ್ರಮದಿಂದ ಊರಿಗೆ ಒಯ್ದಿದ್ದೆ. ಪದ ಹಾಡಿದ್ದ ಅಜ್ಜಿಗೆ ಅವರ ಮೊಮ್ಮಗ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದ. ಅವರು ಕೊನೆಯವರೆಗೂ ಕೇಳಿ, ‘ಇಲ್ಲಿಗೆ ಬಂದಾಗಲೆಲ್ಲ ನನ್ನನ್ನು ಅವ್ವ ಎನ್ನುತ್ತಿದ್ದೆ. ಇದರಲ್ಲಿ ಬಂದಿರುವವಳು ಯಾರು?’ ಎಂದರು. ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ವಿದ್ವತ್ ಬರಹದಲ್ಲಿ ಲೇಖಕರು ಓದುಗರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಕೆನ್ ಹೈಲ್ಯಾಂಡ್ ಎಂಬ ಭಾಷಾವಿಜ್ಞಾನಿ 2005ರಲ್ಲಿ ಎರಡು ಬದಿಯಾಗಿ ವಿವರಿಸಿದರು. ಲೇಖಕರ ನಿಲುವು ಒಂದು, ಓದುಗರನ್ನು ಜೊತೆಗೆ ಕರೆದುಕೊಳ್ಳುವುದು ಇನ್ನೊಂದು. ‘ಇರಬಹುದು’ ಎಂಬ ಹಿಂಜರಿಕೆ, ‘ಖಂಡಿತ’ ಎಂಬ ಒತ್ತು, ‘ನಾನು’ ಎಂಬ ಗುರುತು ಎಲ್ಲವೂ ಅವರ ಪಟ್ಟಿಯಲ್ಲಿವೆ. ಆದರೆ ಅವರ ಮುಂದಿದ್ದದ್ದು ಇಂಗ್ಲಿಷ್ ಬರಹ. ಅಲ್ಲಿನ ಕ್ರಿಯಾಪದಕ್ಕೆ ಗೌರವದ ಪ್ರತ್ಯಯವಿಲ್ಲ. ನಮ್ಮಲ್ಲಿ ವಾಕ್ಯ ಮುಗಿಸಬೇಕಾದರೆ ಒಬ್ಬರನ್ನು ಎಲ್ಲಿ ಕೂರಿಸುತ್ತೇವೆ ಎಂದು ತೀರ್ಮಾನಿಸಲೇಬೇಕು.

ಏಕವಚನವೆಲ್ಲ ಅವಮಾನವಲ್ಲ. ‘ಪಂಪ ಹೇಳುತ್ತಾನೆ’ ಎನ್ನುವುದು ಕಾವ್ಯಚರ್ಚೆಯಲ್ಲಿ ಬೆಳೆದು ಬಂದ ಸಲಿಗೆ. ‘ಬಸವಣ್ಣ ಹೇಳುತ್ತಾನೆ’ ಎಂದೂ ಸಾಹಿತ್ಯ ವಿಮರ್ಶೆಯಲ್ಲಿ ಬರೆಯುವವರಿದ್ದಾರೆ. ಆದರೆ ಅದೇ ವಾಕ್ಯವನ್ನು ಬಸವಕಲ್ಯಾಣದ ಓದುಗರ ಮುಂದಿಟ್ಟರೆ ಮನಸ್ಸಿಗೆ ಚುಚ್ಚುತ್ತದೆ. ಯಾವುದನ್ನು ಆರಿಸಿದರೂ ತಿಳಿದು ಆರಿಸು. ಪದವಿಯಿದ್ದವರಿಗೆ ಬಹುವಚನ, ‘ಮಾಹಿತಿದಾರರಿಗೆ’ ಏಕವಚನ ಎಂಬ ಲೆಕ್ಕ ಮಾತ್ರ ನನಗೆ ಸಹಿಸಲಾಗದು.

ಇನ್ನು ‘ಎನ್ನಬಹುದು’. ಪೀಠಿಕೆಯಲ್ಲಿ ‘ಕವಿರಾಜಮಾರ್ಗವನ್ನು ರಚಿಸಿದವನು ನೃಪತುಂಗನೇ ಎಂಬುದರಲ್ಲಿ ಸಂಶಯವಿಲ್ಲ’ ಎಂದಿದ್ದೀಯ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ನೃಪತುಂಗ ದೊರೆಯ ರಾಜಧಾನಿ ಮಾನ್ಯಖೇಟ, ಅಭಿಮಾನ ಸಹಜ. ಆದರೆ ಆ ಗ್ರಂಥ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಳ್ಳುತ್ತದೆ. ಅನುಮತ ಎಂದರೆ ದೊರೆ ಒಪ್ಪಿದ್ದು. ಬರೆದವನು ಕವಿ ಶ್ರೀವಿಜಯ ಎಂಬ ವಾದಕ್ಕೆ ಬಲವಿದೆ. ಅಲ್ಲಿ ನೀನು ತಗ್ಗಬೇಕಿತ್ತು. ಬದಲಿಗೆ, ನೀನೇ ರಾತ್ರಿಯಿಡೀ ಕುಳಿತು ಕೇಳಿದ ಭಜನೆಯ ಬಗ್ಗೆ ‘ಹೆಂಗಸರೂ ಹಾಡುತ್ತಾರೆ ಎನ್ನಬಹುದು’ ಎಂದು ತಗ್ಗಿದ್ದೀಯ! ಕಣ್ಣಾರೆ ಕಂಡದ್ದಕ್ಕೆ ‘ಬಹುದು’ ಏಕೆ? ಮಾರ್ಗದರ್ಶಕರು, ಮೌಲ್ಯಮಾಪಕರು ಏನೆಂದಾರು ಎಂಬ ಭಯ ಆ ಪದದಲ್ಲಿದೆ. ಪುರಾವೆ ಎಷ್ಟು ಕಡಿಮೆಯೋ ಅಷ್ಟು ಹಿಂಜರಿ, ಎದುರಿಗಿರುವವರ ಕುರ್ಚಿ ನೋಡಿ ಬೇಡ.

‘ಕಂಡುಬರುತ್ತದೆ’ ಎಂಬುದೂ ಹನ್ನೊಂದು ಕಡೆ ಇದೆ. ಕಂಡವಳು ನೀನು. ‘ನಾನು ಕಂಡೆ’ ಎಂದು ಬರೆ.

ಪ್ರಬಂಧ ಸಲ್ಲಿಸುವ ಮೊದಲು ಈ ಅಧ್ಯಾಯವನ್ನು ಹಿಡಿದು ಜೇವರ್ಗಿಯ ಬಸ್ ಹತ್ತು. ಆ ಹಾಡುಗಾರ್ತಿಯ ಮುಂದೆ ಕುಳಿತು ಗಟ್ಟಿಯಾಗಿ ಓದು. ಎಲ್ಲಿ ನಿನ್ನ ನಾಲಿಗೆ ತಡವರಿಸುತ್ತದೋ ಆ ಸಾಲುಗಳಿಗೆ ಗೆರೆ ಎಳೆದು ನನಗೆ ಕಳಿಸು.

ನಿನ್ನ ಅಕ್ಕ