ಲಿಂಗಾಲ–ಸ್ವಾಹಿಲಿ ಅನುವಾದದ ಲೋಪ: ಮುಂಗಡ ಹಣ ವಾಪಸಿಗೆ ಕೋರಿಕೆ

ಇವರಿಗೆ,
ವ್ಯವಸ್ಥಾಪಕರು,
ಅನುವಾದ ಸೇವಾ ಸಂಸ್ಥೆ, ಬೆಂಗಳೂರು

ಮಾನ್ಯರೇ,

ನಮ್ಮ ಕೇಶ ಮತ್ತು ಚರ್ಮದ ಉತ್ಪನ್ನಗಳ ಕೈಪಿಡಿಯನ್ನು ಲಿಂಗಾಲದಿಂದ ಸ್ವಾಹಿಲಿಗೆ ಮಾಡಿಕೊಡಲು ನಿಮಗೆ ವಹಿಸಿದ್ದೆವು. ಮೂಲವನ್ನು ಲಿಂಗಾಲದಲ್ಲಿ ಬರೆದವರು ಕಾಂಗೋ ರಾಜಧಾನಿ ಕಿನ್ಶಾಸಾದ ನಮ್ಮ ವಿತರಕರು. ಅನುವಾದ ಬೇಕಿದ್ದುದು ಅದೇ ದೇಶದ ಸ್ವಾಹಿಲಿ ಮಾತಾಡುವ ಕಟಾಂಗಾ ಪ್ರದೇಶದ ಲುಬುಂಬಾಶಿ ನಗರದ ಸಲೂನುಗಳಿಗೆ. "ನೇರ ಅನುವಾದ, ಸೌಂದರ್ಯವರ್ಧಕ ಕ್ಷೇತ್ರ ಬಲ್ಲವರಿಂದಲೇ" ಎಂದು ಕೊಟೇಶನ್‌ನಲ್ಲಿ ನೀವೇ ಬರೆದಿದ್ದೀರಿ.

ಬಂದ ಕಡತದ ನಡುವೆ ಒಂದು ಇಡೀ ಇಂಗ್ಲಿಷ್ ವಾಕ್ಯ ಹಾಗೇ ಉಳಿದಿದೆ. ನೇರ ಅನುವಾದದಲ್ಲಿ ಇಂಗ್ಲಿಷ್ ಎಲ್ಲಿಂದ ಬಂತು? ಭಾಷೆಯೂ ಟಾಂಜಾನಿಯಾದ ಶಾಲಾಪುಸ್ತಕದ್ದು. ಫ್ರೆಂಚ್ ಬೆರೆತ ಕಟಾಂಗಾದ ಸ್ವಾಹಿಲಿಯಲ್ಲಿ ವ್ಯವಹರಿಸುವ ಸಲೂನಿನವರಿಗೆ ಅದು ಸರ್ಕಾರಿ ಸುತ್ತೋಲೆಯಂತೆ ಕೇಳಿಸಿತಂತೆ.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಗುಂಗುರು ಕೂದಲನ್ನು ನೇರಗೊಳಿಸುವ ರಿಲ್ಯಾಕ್ಸರ್ ಕ್ರೀಮಿನ ಪುಟದಲ್ಲಿ ಎಚ್ಚರಿಕೆಗಳೇ ಮಾಯವಾಗಿವೆ. ಅದರಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ನೆತ್ತಿಯಲ್ಲಿ ಗಾಯವಿದ್ದರೆ ಹಚ್ಚಬಾರದು, ಮೊದಲು ವ್ಯಾಸಲಿನ್ ಸವರಬೇಕು, ಹೇಳಿದ ಸಮಯ ಮೀರಬಾರದು, ಕಣ್ಣಿಗೆ ತಾಗಿದರೆ ಕೂಡಲೇ ನೀರಿನಿಂದ ತೊಳೆಯುತ್ತಿರಬೇಕು: ಇವೆಲ್ಲ ಲಿಂಗಾಲ ಮೂಲದಲ್ಲಿವೆ, ನಿಮ್ಮ ಸ್ವಾಹಿಲಿಯಲ್ಲಿಲ್ಲ. ವಿತರಕರು ಮುದ್ರಣಕ್ಕೆ ಮುಂಚೆ ಓದದಿದ್ದರೆ ಯಾರದೋ ತಲೆ ಸುಡುತ್ತಿತ್ತು.

ಚರ್ಮ ಮೃದುಗೊಳಿಸುವ ಲೋಷನ್ ನಿಮ್ಮಲ್ಲಿ "ಬಣ್ಣ ಬಿಳಿಯಾಗಿಸುವ" ಲೋಷನ್ ಆಗಿದೆ. ನಮ್ಮ ಸರಕು ಟಾಂಜಾನಿಯಾದ ದಾರ್ ಎಸ್ ಸಲಾಂ ಬಂದರಿನಲ್ಲಿಳಿದು, ಜಾಂಬಿಯಾ ದಾಟಿ, ಕಸುಂಬಲೇಸಾ ಗಡಿಯಿಂದ ಕಾಂಗೋ ಸೇರುತ್ತದೆ. ಹೈಡ್ರೋಕ್ವಿನೋನ್ ಬೆರೆತ ಬಿಳುಪಿನ ಕ್ರೀಮುಗಳನ್ನು ಟಾಂಜಾನಿಯಾ ನಿಷೇಧಿಸಿದೆ. ನಮ್ಮಲ್ಲಿ ಆ ರಾಸಾಯನಿಕವೇ ಇಲ್ಲ, ಆದರೂ ಇಂಥ ಕೈಪಿಡಿ ಪೆಟ್ಟಿಗೆಯಲ್ಲಿದ್ದರೆ ಬಂದರಿನಲ್ಲಿ ಉತ್ತರ ಕೊಡಬೇಕಾದವರು ನಾವು.

ಈ ಭಾಷಾಜೋಡಿಗೆ ಜನ ಸಿಗುವುದು ಕಷ್ಟ ಎಂದು ಫೋನಿನಲ್ಲಿ ಹೇಳಿದಿರಿ. ಬೆಂಗಳೂರಿನಲ್ಲೋ ನೈರೋಬಿಯಲ್ಲೋ ಹುಡುಕಿದರೆ ಕಷ್ಟವೇ. ಕಿನ್ಶಾಸಾದಲ್ಲಿ ನೆಲೆಸಿರುವ ಕಟಾಂಗಾದವರಿಗೆ ಎರಡೂ ನಿತ್ಯದ ಭಾಷೆಗಳು. ಅಲ್ಲಿ ವಿಚಾರಿಸಿದಿರಾ? ಸಿಗದಿದ್ದರೆ ಕೆಲಸ ಒಪ್ಪಿಕೊಳ್ಳಬಾರದಿತ್ತು.

ಆದ್ದರಿಂದ ಮುಂಗಡವನ್ನು ಪೂರ್ತಿ ಹಿಂದಿರುಗಿಸಿ. ಈ ಅನುವಾದವನ್ನು ಮನುಷ್ಯರು ಮಾಡಿದರೋ, ಯಂತ್ರವೋ ಎಂಬುದನ್ನು ಲಿಖಿತವಾಗಿ ತಿಳಿಸಿ. ನಮ್ಮ ಮೂಲ ಕಡತಗಳನ್ನು ಬೇರೆ ಯಾರಿಗಾದರೂ ಕಳಿಸಿದ್ದರೆ ಅದನ್ನೂ ಹೇಳಿ. "ಉಚಿತವಾಗಿ ತಿದ್ದಿಕೊಡುತ್ತೇವೆ" ಎಂಬ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ವಕೀಲರ ನೋಟಿಸ್ ಬರುತ್ತದೆ.

ಇಂತಿ,
ರಫ್ತು ವಿಭಾಗದ ಮುಖ್ಯಸ್ಥೆ